ಮೂವತ್ತೆರಡು ಲೀಟರಿನ ಪ್ರವಾಹ: ಅಣೆಕಟ್ಟಿನ ಸಣ್ಣ ಮಾದರಿ ಹೇಳುವುದೇನು, ಹೇಳದಿರುವುದೇನು

ತುಂಗಭದ್ರಾ ಅಣೆಕಟ್ಟಿನ ಕೋಡಿಗೆ 33 ಕ್ರಸ್ಟ್ ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯ 1,633 ಅಡಿಗೆ ತುಂಬಿದಾಗ, 1,613 ಅಡಿಯಲ್ಲಿರುವ ಕೋಡಿಯ ನೆತ್ತಿಯ ಮೇಲೆ 20 ಅಡಿ ನೀರು ನಿಂತಿರುತ್ತದೆ. ಅಷ್ಟೂ ಗೇಟುಗಳನ್ನು ಪೂರ್ತಿ ಎತ್ತಿದರೆ 6.5 ಲಕ್ಷ ಕ್ಯೂಸೆಕ್ ನೀರು ಹೊರಹೋಗುತ್ತದೆ ಎಂಬುದು ವಿನ್ಯಾಸದ ಲೆಕ್ಕ. ಗೇಟೊಂದಕ್ಕೆ ಸುಮಾರು 19,700 ಕ್ಯೂಸೆಕ್.

ಈ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕೋಡಿಯ ಮೇಲಿಂದ ಹರಿಯುವ ನೀರಿಗೆ ಒಂದು ಸರಳ ಸೂತ್ರವಿದೆ: ನೆತ್ತಿಯ ಮೇಲಿನ ನೀರಿನ ಎತ್ತರವನ್ನು ಒಂದೂವರೆ ಘಾತಕ್ಕೆ ಏರಿಸಿ, ಅಗಲದಿಂದ ಗುಣಿಸಿ, ಆಮೇಲೆ ಒಂದು ಗುಣಾಂಕದಿಂದ ಗುಣಿಸಬೇಕು. 20ರ ಒಂದೂವರೆ ಘಾತ 89.4. ಅದನ್ನು 60ರಿಂದ ಗುಣಿಸಿದರೆ ಸುಮಾರು 5,366. ಇದರಿಂದ 19,700 ಅನ್ನು ಭಾಗಿಸಿದರೆ ಸಿಗುವ ಗುಣಾಂಕ 3.67. ಎತ್ತರ ಮತ್ತು ಅಗಲ ಟೇಪಿನಲ್ಲಿ ಅಳೆದರೆ ಸಿಕ್ಕಿಬಿಡುತ್ತವೆ. ತಲೆನೋವೆಲ್ಲ ಈ 3.67ರದ್ದು. ನೆತ್ತಿ ಚಪ್ಪಟೆಯಾಗಿದ್ದರೆ ಈ ಗುಣಾಂಕ 3.1ರ ಆಸುಪಾಸಿಗೆ ಇಳಿಯುತ್ತದೆ, ನೀರಿನ ಹರಿವಿಗೆ ಒಪ್ಪುವ ಓಜಿ ಬಾಗು ಕೊಟ್ಟರೆ 4ರ ಹತ್ತಿರಕ್ಕೆ ಹೋಗುತ್ತದೆ. ಗೇಟುಗಳ ನಡುವಿನ ಕಂಬಗಳಾದ ಪಿಯರ್‌ಗಳ ಮೂತಿ ಮೊಂಡಾಗಿದೆಯೋ ಚೂಪಾಗಿದೆಯೋ, ಜಲಾಶಯದ ನೀರು ಕೋಡಿಗೆ ನೇರವಾಗಿ ಬರುತ್ತದೋ ಒಂದು ಮಗ್ಗುಲಿನಿಂದ ಓರೆಯಾಗಿ ನುಗ್ಗುತ್ತದೋ, ಎಲ್ಲವೂ ಆ ಒಂದು ಅಂಕಿಯೊಳಗೆ ಅಡಗಿವೆ. ಅದರಲ್ಲಿ ಶೇ. 5 ತಪ್ಪಿದರೆ 6.5 ಲಕ್ಷದಲ್ಲಿ 32,500 ಕ್ಯೂಸೆಕ್ ತಪ್ಪಿದ ಹಾಗೆ. ಒಂದೂವರೆ ಗೇಟಿಗಿಂತ ಹೆಚ್ಚು ನೀರು ಕಾಗದದ ಮೇಲೆ ಹೊರಹೋಗಿರುತ್ತದೆ, ನಿಜದಲ್ಲಿ ಜಲಾಶಯದಲ್ಲೇ ಉಳಿದು ಏರುತ್ತಿರುತ್ತದೆ.

ಹೊಸ ಅಣೆಕಟ್ಟಿಗೆ ಈ ಗುಣಾಂಕವನ್ನು ಮೊದಲೇ ತಿಳಿಯುವ ದಾರಿ ಹಳೆಯದು, ಆದರೂ ಇವತ್ತಿಗೂ ನಂಬಿಕೆಯದು. ಅಣೆಕಟ್ಟನ್ನು ಐವತ್ತರಲ್ಲೊಂದು ಪಾಲು ಅಳತೆಗೆ ಇಳಿಸಿ, ಶೆಡ್ಡಿನಲ್ಲೋ ಬಯಲಿನಲ್ಲೋ ಕಟ್ಟಿ, ನೀರು ಬಿಟ್ಟು ಅಳೆಯುವುದು. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ 1916ರಿಂದ ಇಂಥ ಕೆಲಸ ಮಾಡುತ್ತಿದೆ. ನಮ್ಮಲ್ಲಿ ಕೃಷ್ಣರಾಜಸಾಗರದಲ್ಲಿರುವ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದ್ದೂ ಇದೇ ಕಸುಬು.

ಆದರೆ ಸಣ್ಣದಾಗಿ ಕಟ್ಟಿದ ಮಾತ್ರಕ್ಕೆ ನೀರು ದೊಡ್ಡದರ ಹಾಗೆ ನಡೆದುಕೊಳ್ಳುವುದಿಲ್ಲ. ಅಣೆಕಟ್ಟನ್ನು ಕುಗ್ಗಿಸಬಹುದು. ಗುರುತ್ವಾಕರ್ಷಣೆಯನ್ನಾಗಲಿ, ನೀರಿನ ಅಂಟನ್ನಾಗಲಿ, ಮೇಲ್ಮೈ ಸೆಳೆತವನ್ನಾಗಲಿ, ಗಾಳಿಯ ಒತ್ತಡವನ್ನಾಗಲಿ ಕುಗ್ಗಿಸಲು ಬರುವುದಿಲ್ಲ. ಮಾದರಿ ನಿಜ ಹೇಳುವುದು ಯಾವ ಬಲವನ್ನು ನಾವು ಸರಿಯಾಗಿ ಹೊಂದಿಸಿದ್ದೇವೋ ಆ ಬಲದ ಬಗ್ಗೆ ಮಾತ್ರ. ಮಿಕ್ಕ ವಿಷಯಗಳಲ್ಲಿ ಅದರ ಉತ್ತರವೂ ಅಷ್ಟೇ ಖಚಿತವಾಗಿ ಕಾಣುತ್ತದೆ, ಆದರೆ ತಪ್ಪಾಗಿರುತ್ತದೆ. ಮಾದರಿ ಪ್ರಯೋಗದ ಕಷ್ಟ ಇರುವುದು ಇಲ್ಲೇ.

ಫ್ರೌಡ್ ಕೊಟ್ಟ ಕೀಲಿ

ಈ ಹೊಂದಾಣಿಕೆಯ ನಿಯಮ ಬಂದದ್ದು ಹಡಗುಗಳಿಂದ. ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ 1860ರ ದಶಕದಲ್ಲಿ ಒಂದೇ ಆಕಾರದ ಹಡಗಿನ ಮಾದರಿಗಳನ್ನು 3, 6 ಮತ್ತು 12 ಅಡಿ ಉದ್ದದಲ್ಲಿ ಮಾಡಿಸಿ ನೀರಿನಲ್ಲಿ ಎಳೆಸಿದರು. ಮೂರನ್ನೂ ಒಂದೇ ವೇಗದಲ್ಲಿ ಎಳೆದರೆ ಅವು ಎಬ್ಬಿಸುವ ಅಲೆಗಳು ಬೇರೆ ಬೇರೆ. ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಿಸಿದರೆ ಅಲೆಗಳ ವಿನ್ಯಾಸ ಒಂದೇ. 1872ರಲ್ಲಿ ಟಾರ್ಕೀ ಎಂಬಲ್ಲಿ ಇದಕ್ಕೆಂದೇ ಒಂದು ಉದ್ದನೆಯ ತೊಟ್ಟಿ ತಯಾರಾಯಿತು. ಇವತ್ತು ನಾವು ಫ್ರೌಡ್ ಸಂಖ್ಯೆ ಎನ್ನುವುದು ನೀರಿನ ವೇಗವನ್ನು, ಗುರುತ್ವ ಗುಣಿಸು ಆಳದ ವರ್ಗಮೂಲದಿಂದ ಭಾಗಿಸಿದರೆ ಬರುವ ಅಂಕಿ. ಓಡುವ ನೀರಿನ ರಭಸಕ್ಕೂ ಅದನ್ನು ಕೆಳಗೆಳೆಯುವ ಭಾರಕ್ಕೂ ಇರುವ ಅನುಪಾತ ಅದು. ಮಾದರಿಯಲ್ಲೂ ನಿಜದಲ್ಲೂ ಆ ಅಂಕಿ ಒಂದೇ ಆಗಿದ್ದರೆ, ಭಾರದಿಂದ ನಡೆಯುವ ಹರಿವು ಎರಡರಲ್ಲೂ ಒಂದೇ ರೂಪ ತಾಳುತ್ತದೆ.

ಇದರಿಂದ ಹುಟ್ಟುವ ಲೆಕ್ಕ ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಉದ್ದ 50 ಪಟ್ಟು ಇಳಿದರೆ ವೇಗ ಇಳಿಯುವುದು 50ರ ವರ್ಗಮೂಲದಷ್ಟು, ಅಂದರೆ 7.07 ಪಟ್ಟು ಮಾತ್ರ. ಕಾಲವೂ ಅಷ್ಟೇ. ನದಿಯಲ್ಲಿ 7 ಗಂಟೆಯ ಪ್ರವಾಹ ಮಾದರಿಯಲ್ಲಿ ಒಂದೇ ಗಂಟೆಗೆ ಮುಗಿಯುತ್ತದೆ. ಹರಿವು ಇಳಿಯುವುದು 50ರ ಎರಡೂವರೆ ಘಾತದಷ್ಟು, 17,678 ಪಟ್ಟು. ಬಲ ಇಳಿಯುವುದು 1,25,000 ಪಟ್ಟು. ತುಂಗಭದ್ರೆಯಂಥ ಒಂದು ಗೇಟಿನ 19,700 ಕ್ಯೂಸೆಕ್ ಎಂದರೆ ಸೆಕೆಂಡಿಗೆ 558 ಘನ ಮೀಟರ್. ಅದನ್ನು 17,678ರಿಂದ ಭಾಗಿಸಿದರೆ ಸೆಕೆಂಡಿಗೆ 31.6 ಲೀಟರ್. ಎರಡು ಬಕೆಟ್ ನೀರು. ನೆತ್ತಿಯ ಮೇಲಿನ 20 ಅಡಿ ನೀರು 12.2 ಸೆಂಟಿಮೀಟರ್ ಆಗುತ್ತದೆ, ಗೇಟಿನ ಅಗಲ 36.6 ಸೆಂಟಿಮೀಟರ್.

ಅಳತೆಯ ಆಯ್ಕೆ ನಿಂತಿರುವುದು ಈ ಲೆಕ್ಕದ ಮೇಲೆಯೇ. ಐವತ್ತರಲ್ಲೊಂದರ ಅಳತೆಯಲ್ಲಿ 33 ಗೇಟನ್ನೂ ಕಟ್ಟಿದರೆ ಕೋಡಿಯೊಂದೇ 14 ಮೀಟರ್ ಉದ್ದವಾಗುತ್ತದೆ, ಸೆಕೆಂಡಿಗೆ ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಅಂಥ ಪಂಪು ಎಲ್ಲ ಕಡೆಯೂ ಇರುವುದಿಲ್ಲ. ಹಾಗಾಗಿ ಕೆಲಸವನ್ನು ಎರಡಾಗಿ ಒಡೆಯುವುದು ರೂಢಿ. ಇಡೀ ಅಣೆಕಟ್ಟು, ಮೇಲಿನ ಜಲಾಶಯದ ಒಂದು ಭಾಗ, ಕೆಳಗಿನ ನದಿಪಾತ್ರ ಎಲ್ಲವನ್ನೂ ನೂರರಲ್ಲೊಂದು ಅಳತೆಗೆ ಬಯಲಿನಲ್ಲಿ ಕಟ್ಟುತ್ತಾರೆ. ಆ ಅಳತೆಯಲ್ಲಿ 6.5 ಲಕ್ಷ ಕ್ಯೂಸೆಕ್ ಸೆಕೆಂಡಿಗೆ 184 ಲೀಟರಿಗೆ ಇಳಿಯುತ್ತದೆ. ನೀರು ಓರೆಯಾಗಿ ಬರುತ್ತದೆಯೇ, ದಡ ಕೊರೆಯುತ್ತದೆಯೇ, ಯಾವ ಗೇಟುಗಳನ್ನು ಯಾವ ಸರದಿಯಲ್ಲಿ ಎತ್ತಬೇಕು ಎಂಬುದನ್ನು ಅಲ್ಲಿ ನೋಡುತ್ತಾರೆ. ಎರಡು ಪೂರ್ಣ ಗೇಟು, ಅಕ್ಕಪಕ್ಕ ಅರ್ಧರ್ಧ ಗೇಟು ಇರುವ ಒಂದು ತುಂಡನ್ನು ಮಾತ್ರ ದೊಡ್ಡ ಅಳತೆಯಲ್ಲಿ ಗಾಜಿನ ಗೋಡೆಯ ಕಾಲುವೆಯೊಳಗೆ ಕೂರಿಸುತ್ತಾರೆ. ನೆತ್ತಿಯ ಮೇಲಿನ ಒತ್ತಡ, ಹರಿವಿನ ಗುಣಾಂಕ, ಬುಡದ ನೀರಿನ ಕುದಿತ ಇಲ್ಲಿ ಅಳೆಯುವ ಸಂಗತಿಗಳು. ಐವತ್ತರಲ್ಲೊಂದಕ್ಕೆ ಈ ತುಂಡಿಗೆ ಬೇಕಾದ ನೀರು ಸೆಕೆಂಡಿಗೆ 95 ಲೀಟರ್.

ಕಟ್ಟುವುದು, ಅಳೆಯುವುದು

ನದಿಪಾತ್ರ ಕಟ್ಟಲು ಸರ್ವೆ ನಕ್ಷೆಯಿಂದ ಅಡ್ಡಕೊಯ್ತಗಳನ್ನು ತೆಗೆದು, ಪ್ರತಿಯೊಂದರ ಆಕಾರಕ್ಕೂ ಪ್ಲೈವುಡ್ ಅಥವಾ ತಗಡಿನ ಅಚ್ಚು ಕತ್ತರಿಸುತ್ತಾರೆ. ಅವನ್ನು ಲೆವೆಲ್ ನೋಡಿ ಸಾಲಾಗಿ ನಿಲ್ಲಿಸಿ, ನಡುವೆ ಮರಳು ತುಂಬಿ, ನೀರು ಹಾಕಿ ಗುದ್ದಿ, ಮೇಲೆ ಸಿಮೆಂಟ್ ಗಾರೆ ಎಳೆಯುತ್ತಾರೆ. ಮರಳನ್ನು ಸರಿಯಾಗಿ ಗುದ್ದದಿದ್ದರೆ ಎರಡನೇ ವಾರಕ್ಕೆ ಗಾರೆ ಕುಸಿಯುತ್ತದೆ. ನೂರರಲ್ಲೊಂದರ ಅಳತೆಯಲ್ಲಿ ಒಂದು ಸೆಂಟಿಮೀಟರ್ ಕುಸಿತ ಎಂದರೆ ನಿಜ ನದಿಯಲ್ಲಿ ಒಂದು ಮೀಟರ್. ಕೋಡಿಯ ಮೈಯನ್ನು ಸಾಗುವಾನಿ, ಫೈಬರ್‌ಗ್ಲಾಸ್ ಅಥವಾ ಪಾರದರ್ಶಕ ಪ್ಲಾಸ್ಟಿಕ್ಕಾದ ಪರ್ಸ್ಪೆಕ್ಸ್‌ನಲ್ಲಿ ಮಾಡುತ್ತಾರೆ. ನದಿಪಾತ್ರದಲ್ಲಿ ಎರಡು ಮೂರು ಮಿಲಿಮೀಟರ್ ಆಚೀಚೆಯಾದರೆ ನಡೆಯುತ್ತದೆ. ನೆತ್ತಿಯಲ್ಲಿ ಅರ್ಧ ಮಿಲಿಮೀಟರೂ ಹೆಚ್ಚೇ, ಏಕೆಂದರೆ ಗುಣಾಂಕ ಹುಟ್ಟುವ ಜಾಗ ಅದು.

ಪರ್ಸ್ಪೆಕ್ಸ್ ಆರಿಸಲು ಪಾರದರ್ಶಕತೆ ಒಂದೇ ಕಾರಣವಲ್ಲ. ಒರಟುತನವನ್ನೂ ಕುಗ್ಗಿಸಬೇಕು. ಒರಟುತನದ ಅಳತೆಯಾದ ಮ್ಯಾನಿಂಗ್ ಗುಣಾಂಕ ಉದ್ದದ ಆರನೇ ಒಂದು ಘಾತದಷ್ಟು ಇಳಿಯಬೇಕು, ಐವತ್ತಕ್ಕೆ ಅದು 1.92 ಪಟ್ಟು. ಕಾಂಕ್ರೀಟಿನದು 0.015 ಎಂದಿಟ್ಟುಕೊಂಡರೆ ಮಾದರಿಗೆ 0.0078 ಬೇಕು. ನುಣುಪಾದ ಪರ್ಸ್ಪೆಕ್ಸ್ ಕೂಡ 0.009ರ ಹತ್ತಿರ ಇರುತ್ತದೆ. ಅಂದರೆ ಎಷ್ಟೇ ನುಣುಪು ಮಾಡಿದರೂ ಮಾದರಿ ಬೇಕಾದುದಕ್ಕಿಂತ ಕೊಂಚ ಒರಟೇ. ಗಿಡ್ಡ ಕೋಡಿಯಲ್ಲಿ ಇದು ಲೆಕ್ಕಕ್ಕಿಲ್ಲ. ಉದ್ದನೆಯ ಇಳಿಜಾರು ಕಾಲುವೆಯಲ್ಲಿ ನೀರು ನಿಜಕ್ಕಿಂತ ನಿಧಾನವಾಗಿ ಬುಡ ಸೇರುತ್ತದೆ. ಆಗ ಬುಡದ ರಭಸವನ್ನು ಮಾದರಿ ಕಡಿಮೆ ತೋರಿಸುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟು ತಿದ್ದುಪಡಿ ಮಾಡಬೇಕು.

ಒಳಬರುವ ನೀರನ್ನು ಅಳೆಯಲು ತೊಂಬತ್ತು ಡಿಗ್ರಿಯ ವಿ-ನಾಚ್ ಇದೆ: ತಗಡಿನಲ್ಲಿ ಕೊರೆದ ತ್ರಿಕೋನ ಬಾಯಿ. ಮೂಲೆಯಿಂದ ಮೇಲಕ್ಕೆ ನೀರು ಎಷ್ಟು ಮೀಟರ್ ಇದೆ ಎಂದು ನೋಡಿ, ಎರಡೂವರೆ ಘಾತಕ್ಕೇರಿಸಿ, 1.38ರಿಂದ ಗುಣಿಸಿದರೆ ಹರಿವು ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. 95 ಲೀಟರಿಗೆ ನೀರು 34.3 ಸೆಂಟಿಮೀಟರ್ ನಿಲ್ಲುತ್ತದೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿ ಓದಿದರೆ ಹರಿವಿನಲ್ಲಿ ಶೇ. 0.7 ತಪ್ಪು. 5 ಲೀಟರ್ ಹರಿವಿಗೆ ನೀರು ನಿಲ್ಲುವುದು 10.6 ಸೆಂಟಿಮೀಟರ್, ಅದೇ ಒಂದು ಮಿಲಿಮೀಟರ್ ತಪ್ಪು ಅಲ್ಲಿ ಶೇ. 2.4 ಆಗುತ್ತದೆ. ಅದಕ್ಕೇ ಅನುಭವಿಗಳು ಸಣ್ಣ ಹರಿವಿಗೆ ಬೇರೆಯೇ ಸಣ್ಣ ನಾಚ್ ಇಟ್ಟುಕೊಳ್ಳುತ್ತಾರೆ.

ವಿ-ನಾಚಿನಲ್ಲಿ ಹೆಚ್ಚು ಜನ ಎಡವುವುದು ಸೊನ್ನೆಯಲ್ಲಿ. ನೀರಿನ ಮಟ್ಟ ಅಳೆಯುವ ಸೂಜಿ, ಅಂದರೆ ಪಾಯಿಂಟರ್ ಗೇಜಿನ ತುದಿ, ನಾಚಿನ ಮೂಲೆಯ ಮಟ್ಟಕ್ಕೆ ಬಂದಾಗ ಓದು ಎಷ್ಟು ಎಂಬುದು ಸೊನ್ನೆ. ಇದನ್ನು ಹಿಡಿಯಲು ಕೆಲವರು ನೀರು ನಾಚಿನ ಬಾಯಿಂದ ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾದು, ಆಗಿನ ಮಟ್ಟವೇ ಸೊನ್ನೆ ಎಂದುಕೊಳ್ಳುತ್ತಾರೆ. ಆದರೆ ನೀರು ಮೇಲ್ಮೈ ಸೆಳೆತದಿಂದ ಮೂಲೆಗೆ ಅಂಟಿಕೊಂಡು ಒಂದೆರಡು ಮಿಲಿಮೀಟರ್ ಮೇಲೇ ನಿಂತಿರುತ್ತದೆ. ಸೊನ್ನೆಯೇ ತಪ್ಪಿದ ಮೇಲೆ ಇಡೀ ದಿನದ ಅಂಕಿಗಳೆಲ್ಲ ಒಂದೇ ಕಡೆಗೆ ತಪ್ಪುತ್ತವೆ. ಹತ್ತು ಸಲ ಅಳೆದು ಸರಾಸರಿ ತೆಗೆದರೂ ಅದು ಹೋಗುವುದಿಲ್ಲ. ಮೂಲೆಯ ಮಟ್ಟವನ್ನು ಲೆವೆಲ್ ಉಪಕರಣದಿಂದ ಗೇಜಿಗೆ ಸಾಗಿಸುವುದೇ ಸರಿಯಾದ ಕ್ರಮ. ಗೇಜನ್ನು ನಾಚಿನ ಹತ್ತಿರ ನಿಲ್ಲಿಸುವುದು ಇನ್ನೊಂದು ತಪ್ಪು. ಬಾಯಿಯ ಹತ್ತಿರ ನೀರು ತಗ್ಗಿ ಇಳಿಯುತ್ತಿರುತ್ತದೆ, ಆದ್ದರಿಂದ ನೀರಿನ ಎತ್ತರದ ಮೂರು ನಾಲ್ಕು ಪಟ್ಟು ಹಿಂದೆ, ತೊಟ್ಟಿಯ ಗೋಡೆಗೆ ತೂತಿನಿಂದ ಸೇರಿಸಿದ ಪುಟ್ಟ ಬಾವಿಯಲ್ಲಿ ಅಳೆಯಬೇಕು.

ಕೋಡಿಯ ಮೈಮೇಲಿನ ಒತ್ತಡಕ್ಕೆ ಪೀಜೋಮೀಟರ್ ತೂತುಗಳನ್ನು ಕೊರೆಯುತ್ತಾರೆ. ಒಂದೆರಡು ಮಿಲಿಮೀಟರ್ ವ್ಯಾಸ, ಮೈಗೆ ಲಂಬವಾಗಿ. ಹಿಂದಿನಿಂದ ಪ್ಲಾಸ್ಟಿಕ್ ನಳಿಗೆ ಜೋಡಿಸಿ ಗೋಡೆಯ ಹಲಗೆಗೆ ಸಾಲಾಗಿ ಕಟ್ಟಿದರೆ, ಯಾವ ಬಿಂದುವಿನಲ್ಲಿ ಎಷ್ಟು ಒತ್ತಡ ಎಂದು ನೀರಿನ ಕಂಬಗಳೇ ತೋರಿಸುತ್ತವೆ. ಕೊರೆದ ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಎಳೆ ಉಳಿದಿದ್ದರೂ ಓದು ಕೆಡುತ್ತದೆ. ಉಗುರಿನಿಂದ ಸವರಿ ನೋಡಿದರೆ ಅದು ಕೈಗೆ ಸಿಗುತ್ತದೆ. ನಳಿಗೆಯಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಕಂಬ ಸುಳ್ಳು ಮಟ್ಟದಲ್ಲಿ ನಿಲ್ಲುತ್ತದೆ. ಪ್ರಯೋಗಕ್ಕೆ ಮೊದಲು ಎಲ್ಲ ನಳಿಗೆಗಳನ್ನೂ ನಿಂತ ನೀರಿನಲ್ಲಿ ನೋಡಿ ಒಂದೇ ಮಟ್ಟಕ್ಕೆ ಬರುತ್ತವೆಯೇ ಎಂದು ಪರೀಕ್ಷಿಸದೆ ಮುಂದೆ ಹೋಗಲೇಬಾರದು. ಐದು ನಿಮಿಷದ ಕೆಲಸ, ಉಳಿಸುವುದು ವಾರಗಟ್ಟಲೆ.

ಮಾದರಿ ಬಾಯಿ ಬಿಡದ ಜಾಗಗಳು

ಅಡುಗೆಮನೆಯ ಸಿಂಕಿನಲ್ಲಿ ನಲ್ಲಿ ಬಿಟ್ಟು ನೋಡಿ. ಧಾರೆ ಬಿದ್ದ ಜಾಗದ ಸುತ್ತ ನೀರು ತೆಳುವಾಗಿ, ಹೊಳೆಯುತ್ತಾ ಹರಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ಇದ್ದಕ್ಕಿದ್ದಂತೆ ಬಳೆಯ ಹಾಗೆ ಉಬ್ಬುತ್ತದೆ. ಒಳಗಿನ ನೀರು ತೆಳ್ಳಗೆ, ಜೋರಾಗಿ. ಹೊರಗಿನದು ದಪ್ಪಗೆ, ನಿಧಾನವಾಗಿ. ಅಣೆಕಟ್ಟಿನ ಬುಡದಲ್ಲಿ ಪ್ರವಾಹದ ರಭಸವನ್ನು ಕೊಲ್ಲುವುದೂ ಇಂಥದೇ ಜಿಗಿತ. ಆದರೆ ಸಿಂಕಿನ ಬಳೆಯನ್ನು ಅಳೆದು ಅಣೆಕಟ್ಟು ಕಟ್ಟಲಾಗದು. ಅಲ್ಲಿ ನೀರಿನ ಪದರ ಮಿಲಿಮೀಟರಿನಷ್ಟು ತೆಳು, ಮೇಲ್ಮೈ ಸೆಳೆತ ಮತ್ತು ಅಂಟು ಅದರ ಮೇಲೆ ದರ್ಬಾರು ನಡೆಸುತ್ತಿರುತ್ತವೆ. ಮಾದರಿ ತೀರಾ ಚಿಕ್ಕದಾದರೆ ಅದೂ ಸಿಂಕಾಗಿಬಿಡುತ್ತದೆ. ನೆತ್ತಿಯ ಮೇಲೆ ಕನಿಷ್ಠ ಮೂರು ಸೆಂಟಿಮೀಟರ್ ನೀರು ಇಲ್ಲದಿದ್ದರೆ ಗುಣಾಂಕವನ್ನು ನಂಬಬಾರದು ಎಂಬುದು ರೂಢಿಯ ನಿಯಮ. ಐವತ್ತರಲ್ಲೊಂದಕ್ಕೆ ಅದು ನಿಜದಲ್ಲಿ ಒಂದೂವರೆ ಮೀಟರ್. ಅದಕ್ಕಿಂತ ಕಡಿಮೆ ನೀರಿನ, ಗೇಟನ್ನು ಒಂದೆರಡು ಅಡಿ ಮಾತ್ರ ಎತ್ತಿದ ಸ್ಥಿತಿಗಳಿಗೆ ಇನ್ನೂ ದೊಡ್ಡ ಮಾದರಿ ಬೇಕು.

ಗಾಳಿಯ ವಿಷಯ ಇದಕ್ಕಿಂತ ಕಠಿಣ. ಕೋಡಿಯಿಂದ ಇಳಿಯುವ ನೀರು ಬೆಳ್ಳಗೆ ಕಾಣುವುದು ಅದು ಗಾಳಿ ಕುಡಿದಿರುವುದರಿಂದ. ಗುಳ್ಳೆಯ ಗಾತ್ರವನ್ನು ನಿರ್ಧರಿಸುವುದು ಮೇಲ್ಮೈ ಸೆಳೆತ, ಅದು ಎರಡೂ ಕಡೆ ಒಂದೇ. ಹಾಗಾಗಿ ಮಾದರಿಯಲ್ಲೂ ಗುಳ್ಳೆ ಕೆಲವು ಮಿಲಿಮೀಟರೇ, ಐವತ್ತರಲ್ಲೊಂದು ಪಾಲಲ್ಲ. ನಿಧಾನದ ನೀರಿನಲ್ಲಿ ಅಷ್ಟು ದೊಡ್ಡ ಗುಳ್ಳೆ ಬೇಗ ಮೇಲೆದ್ದು ಹೊರಟುಹೋಗುತ್ತದೆ. ನಿಜ ಅಣೆಕಟ್ಟಿನಲ್ಲಿ ನೊರೆ ಸೇರಿ ಪಕ್ಕದ ಗೋಡೆ ದಾಟುವ ನೀರು ಮಾದರಿಯಲ್ಲಿ ಗಾಜಿನಂತೆ ತಿಳಿಯಾಗಿ, ಗೋಡೆಯೊಳಗೇ ಇಳಿದುಬಿಡುತ್ತದೆ. ಅದನ್ನು ನೋಡಿ ಗೋಡೆಯ ಎತ್ತರ ತೀರ್ಮಾನಿಸಿದರೆ ತಪ್ಪು.

ಮೂರನೆಯದು ಗುಳ್ಳೆ ಕೊರೆತ, ಕ್ಯಾವಿಟೇಶನ್. ಸೆಕೆಂಡಿಗೆ 25-30 ಮೀಟರ್ ವೇಗದ ನೀರು ಒಂದು ಸಣ್ಣ ಉಬ್ಬನ್ನು ದಾಟುವಾಗ ಅದರ ಹಿಂದೆ ಒತ್ತಡ ಬಿದ್ದು, ನೀರು ತಣ್ಣಗಿದ್ದರೂ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಮುಂದೆ ಒತ್ತಡ ಹೆಚ್ಚಿದಾಗ ಆ ಗುಳ್ಳೆ ಸಿಡಿದು ಕುಸಿಯುತ್ತದೆ, ಕಾಂಕ್ರೀಟನ್ನು ಚೂರುಚೂರಾಗಿ ಕಿತ್ತು ತಿನ್ನುತ್ತದೆ. ನೀರು ಆವಿಯಾಗಬೇಕಾದರೆ ಒತ್ತಡ ವಾತಾವರಣಕ್ಕಿಂತ ಸುಮಾರು 10 ಮೀಟರ್ ನೀರಿನಷ್ಟು ಕೆಳಗಿಳಿಯಬೇಕು. ಮಾದರಿಯಲ್ಲಿ ಅದಕ್ಕೆ ಸಮನಾದ ಇಳಿತ 20 ಸೆಂಟಿಮೀಟರ್ ಮಾತ್ರ. ಮಾದರಿಯ ಮೇಲೂ ಪೂರ್ತಿ ವಾತಾವರಣದ ಒತ್ತಡ ಕೂತಿರುವುದರಿಂದ ಅಲ್ಲಿ ಎಂದೂ ಗುಳ್ಳೆ ಕಟ್ಟುವುದಿಲ್ಲ. ನಳಿಗೆ ಮೈನಸ್ 30 ಸೆಂಟಿಮೀಟರ್ ತೋರಿಸಿದರೆ ಅದನ್ನು ಮೈನಸ್ 15 ಮೀಟರ್ ಎಂದು ಬರೆಯುವಂತಿಲ್ಲ. ನಿಜ ನೀರಿನಲ್ಲಿ ಅಂಥ ಒತ್ತಡವೇ ಇರುವುದಿಲ್ಲ, ಅದಕ್ಕೆ ಮೊದಲೇ ಕೊರೆತ ಶುರುವಾಗಿರುತ್ತದೆ. ಮಾದರಿ ಹಾನಿಯನ್ನು ತೋರಿಸುವುದಿಲ್ಲ, ಹಾನಿಯ ಜಾಗವನ್ನು ಬೆರಳಿಟ್ಟು ತೋರಿಸುತ್ತದೆ. ಅದನ್ನು ಓದುವ ಕಣ್ಣು ಬೇಕು.

1983ರ ಜೂನಿನಲ್ಲಿ ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ ಆದದ್ದು ಇದೇ. ಅಲ್ಲಿ ಕೋಡಿಯ ನೀರು ಬಂಡೆಯೊಳಗಿನ ಸುರಂಗಗಳಲ್ಲಿ ಇಳಿಯುತ್ತದೆ. ಜಲಾಶಯ ತುಂಬಿ ಗೇಟು ಎತ್ತಿದ ಮೇಲೆ ಗುಡುಗಿನಂಥ ಸದ್ದು ಕೇಳಿಸಿತು, ಸುರಂಗದ ಬಾಯಿಂದ ಕಾಂಕ್ರೀಟಿನ ತುಂಡುಗಳೂ ಕೆಂಪು ಮರಳುಗಲ್ಲೂ ಹೊರಬಂದವು. ಸುರಂಗ ಬಾಗುವ ಜಾಗದಲ್ಲಿ ಕಾಂಕ್ರೀಟಿನ ಒಳಪದರ ಕಿತ್ತುಹೋಗಿ, ಬಂಡೆಯಲ್ಲಿ ಸುಮಾರು 10 ಮೀಟರ್ ಆಳದ ಗುಂಡಿ ಬಿದ್ದಿತ್ತು. ಕೊರೆತಕ್ಕೆ ನಾಂದಿ ಹಾಡಿದ್ದು ಕಾಂಕ್ರೀಟಿನ ಮೇಲೆ ಕಟ್ಟಿಕೊಂಡಿದ್ದ ಸುಣ್ಣದ ಹರಳಿನ ಸಣ್ಣ ಉಬ್ಬುಗಳು. ಐವತ್ತರಲ್ಲೊಂದರ ಮಾದರಿಯಲ್ಲಿ ಐದು ಮಿಲಿಮೀಟರ್ ಉಬ್ಬು 0.1 ಮಿಲಿಮೀಟರ್ ಆಗುತ್ತದೆ, ಒಂದು ಕಾಗದದ ದಪ್ಪ. ಅದನ್ನು ಯಾರೂ ಕಟ್ಟುವುದಿಲ್ಲ. ದುರಸ್ತಿ ಮಾಡುವಾಗ ಸುರಂಗದ ಸುತ್ತ ಒಂದು ಗಾಳಿಯ ತೋಡು ಕೊರೆದರು. ನೀರಿನ ತಳಕ್ಕೆ ಗಾಳಿ ಬೆರೆತರೆ ಗುಳ್ಳೆ ಕುಸಿಯುವ ಪೆಟ್ಟು ಮೆತ್ತಗಾಗುತ್ತದೆ.

ನೀರಿನ ವಿಷಯ ಬಿಟ್ಟು ಕಟ್ಟಡದ ಬಲಕ್ಕೆ ಬಂದರೆ ಮಾದರಿ ಪೂರ್ತಿ ಮೌನ. 2017ರ ಫೆಬ್ರವರಿ 7ರಂದು ಕ್ಯಾಲಿಫೋರ್ನಿಯಾದ ಒರೊವಿಲ್ ಅಣೆಕಟ್ಟಿನ ಕೋಡಿಯ ಕಾಲುವೆ ಒಡೆಯಿತು. ಆಗ ಹರಿಯುತ್ತಿದ್ದ ನೀರು ಅದರ ಸಾಮರ್ಥ್ಯಕ್ಕಿಂತ ಬಹಳ ಕಡಿಮೆ. ಕಾಂಕ್ರೀಟ್ ಚಪ್ಪಡಿಗಳ ಬಿರುಕು, ಸಂದುಗಳಿಂದ ನೀರು ಅಡಿಗೆ ನುಗ್ಗಿ ಚಪ್ಪಡಿಯನ್ನೇ ಮೇಲಕ್ಕೆತ್ತಿತು. ಮುಂದಿನ ದಿನಗಳಲ್ಲಿ ಸುಮಾರು 1,88,000 ಜನರನ್ನು ಮನೆ ಬಿಡಿಸಬೇಕಾಯಿತು. ಪರ್ಸ್ಪೆಕ್ಸಿನ ಒಂದೇ ಹಾಳೆಯಲ್ಲಿ ಮಾಡಿದ ಕಾಲುವೆಗೆ ಸಂದೂ ಇಲ್ಲ, ಅಡಿಯಲ್ಲಿ ಹುದುಗಿದ ಒಡಕು ಬಂಡೆಯೂ ಇಲ್ಲ. ಮರುನಿರ್ಮಾಣದ ವಿನ್ಯಾಸಕ್ಕೆ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ಒಡೆದ ಕಾಲುವೆಯನ್ನು, ಕೊರೆದ ಕಣಿವೆಯ ಸಮೇತ ಐವತ್ತರಲ್ಲೊಂದಕ್ಕೆ ಕಟ್ಟಿದರು. ನೀರು ಈಗ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲದು. ಚಪ್ಪಡಿ ಏಕೆ ಎದ್ದಿತು ಎಂಬ ಪ್ರಶ್ನೆಗೆ ಮಣ್ಣು, ಬಂಡೆ, ಉಕ್ಕನ್ನೇ ಅಗೆದು ನೋಡಬೇಕಾಯಿತು.

ನಮಗೆ ಹತ್ತಿರದ ಉದಾಹರಣೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನದು. ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಗೇಟನ್ನು ಚೈನಿನ ಸಮೇತ ಐವತ್ತರಲ್ಲೊಂದಕ್ಕೆ, ಅದೇ ಉಕ್ಕಿನಲ್ಲಿ ಮಾಡಿದೆವು ಎಂದುಕೊಳ್ಳಿ. ಗೇಟಿನ ಭಾರ 1,25,000 ಪಟ್ಟು ಇಳಿಯುತ್ತದೆ. ಚೈನಿನ ಕೊಂಡಿಯ ಅಡ್ಡಕೊಯ್ತ ಇಳಿಯುವುದು 2,500 ಪಟ್ಟು ಮಾತ್ರ. ಅಂದರೆ ಪುಟ್ಟ ಚೈನಿನ ಮೇಲೆ ಬೀಳುವ ಎಳೆತ, ಚದರ ಮಿಲಿಮೀಟರಿಗೆ ಲೆಕ್ಕ ಹಾಕಿದರೆ, ನಿಜದ ಐವತ್ತರಲ್ಲೊಂದು ಪಾಲು. ಅದು ಎಷ್ಟು ವರ್ಷ ಬೇಕಾದರೂ ತುಂಡಾಗದೆ ನಿಲ್ಲುತ್ತದೆ. ತುಕ್ಕು, ಸವೆತ, ಎಪ್ಪತ್ತು ವರ್ಷದ ದಣಿವು ಇವಕ್ಕೆ ಅಳತೆ ಇಳಿಸುವ ಸೂತ್ರವೇ ಇಲ್ಲ. ಅದಕ್ಕೆ ಗೇಟಿನ ಹತ್ತಿರವೇ ಹೋಗಿ ಕೊಂಡಿ ಕೊಂಡಿಯನ್ನೂ ತಪಾಸಣೆ ಮಾಡಬೇಕು.

ಮರಳಿನ ತಂಟೆ

ಅರ್ಧ ಮಿಲಿಮೀಟರ್ ಮರಳನ್ನು ಐವತ್ತರಲ್ಲೊಂದಕ್ಕೆ ಇಳಿಸಿದರೆ 0.01 ಮಿಲಿಮೀಟರ್. ಅದು ಮರಳಲ್ಲ, ಅಂಟಿಕೊಳ್ಳುವಷ್ಟು ನುಣ್ಣನೆಯ ಹೂಳುಮಣ್ಣು. ಅದಕ್ಕೇ ಹೂಳು, ಕೊರೆತದ ಪ್ರಯೋಗಗಳಲ್ಲಿ ಕಾಳನ್ನು ಸಣ್ಣದು ಮಾಡುವ ಬದಲು ಹಗುರ ಮಾಡುತ್ತಾರೆ: ಕಲ್ಲಿದ್ದಲ ಪುಡಿ, ಆಕ್ರೋಟಿನ ಚಿಪ್ಪಿನ ಪುಡಿ, ಪ್ಲಾಸ್ಟಿಕ್ ಕಾಳು. ಗುಂಡಿ ಎಲ್ಲಿ ಬೀಳುತ್ತದೆ, ಯಾವ ಗೋಡೆಯ ಬುಡ ಬರಿದಾಗುತ್ತದೆ ಎಂಬುದಕ್ಕೆ ಇದು ಸಾಕು. ಎಷ್ಟು ದಿನದಲ್ಲಿ ಬೀಳುತ್ತದೆ ಎಂದು ಕೇಳಬಾರದು. ನೀರಿನ ಗಡಿಯಾರ 7.07ರ ಲೆಕ್ಕದಲ್ಲಿ ಓಡಿದರೆ ಮರಳಿನ ಗಡಿಯಾರ ಬೇರೆಯೇ.

ಉದ್ದನೆಯ ನದಿ, ಅಳಿವೆಗಳಿಗೆ ಅಡ್ಡಳತೆಯನ್ನೂ ಎತ್ತರವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಇಳಿಸುವುದುಂಟು. 1885ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಮರ್ಸಿ ಅಳಿವೆಯ ಮಾದರಿಯನ್ನು ಅಡ್ಡಕ್ಕೆ 31,800ರಲ್ಲೊಂದು, ಎತ್ತರಕ್ಕೆ 960ರಲ್ಲೊಂದು ಪಾಲಿಗೆ ಕಟ್ಟಿ, ಉಬ್ಬರವಿಳಿತ ಕೊಟ್ಟು, ಮರಳ ದಿಬ್ಬಗಳು ಎಲ್ಲಿ ಕೂರುತ್ತವೆ ಎಂದು ನೋಡಿದರು. ಎರಡನ್ನೂ 31,800ಕ್ಕೇ ಇಳಿಸಿದ್ದರೆ 10 ಮೀಟರ್ ಆಳದ ನೀರು ಮಿಲಿಮೀಟರಿನ ಮೂರನೇ ಒಂದು ಪಾಲು ಆಗುತ್ತಿತ್ತು, ಅದು ಹರಿಯುತ್ತಲೇ ಇರಲಿಲ್ಲ.

ಕಂಪ್ಯೂಟರ್ ಬಂದ ಮೇಲೆ

ಈಗ ಇದನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಬಹಳಷ್ಟನ್ನು ಮಾಡಬಹುದು, ಮಾಡುತ್ತಿದ್ದಾರೆ ಕೂಡ. ಅಣೆಕಟ್ಟು ಒಡೆದರೆ ನೂರು ಕಿಲೋಮೀಟರ್ ಕೆಳಗಿನ ಊರಿಗೆ ನೀರು ಯಾವಾಗ ಬರುತ್ತದೆ ಎಂಬುದಕ್ಕೆ ಗಣಿತದ ಮಾದರಿಯೇ ಸರಿ. ಹತ್ತು ಬಗೆಯ ಪಿಯರ್ ಮೂತಿಗಳನ್ನು ಹೋಲಿಸಿ ಎರಡನ್ನು ಆರಿಸಲೂ ಅದೇ ಅಗ್ಗ. ಆದರೆ ಸುಳಿಗಳನ್ನೆಲ್ಲ ಬಿಡಿಸಿ ಲೆಕ್ಕ ಹಾಕುವಷ್ಟು ಸಣ್ಣ ಜಾಲರಿ (ಲೆಕ್ಕಕ್ಕಾಗಿ ನೀರನ್ನು ಹಂಚುವ ಪುಟ್ಟ ಕೋಶಗಳು) ಇಡೀ ಕೋಡಿಗೆ ಹಾಕಲಾಗದು. ಅವುಗಳ ಸರಾಸರಿ ಪರಿಣಾಮವನ್ನು ಒಂದು ಊಹೆಯ ಸಮೀಕರಣಕ್ಕೆ ಒಪ್ಪಿಸುತ್ತಾರೆ. ಆ ಊಹೆ ಸರಿಯೋ ಎಂದು ಹೇಳುವುದು ಅಳತೆ ಮಾತ್ರ.

ಒಳ್ಳೆಯ ಕ್ರಮ ಇದು: ಭೌತಿಕ ಮಾದರಿಯನ್ನೇ, ಅದರ ಚಿಕ್ಕ ಅಳತೆಯಲ್ಲೇ, ಕಂಪ್ಯೂಟರಿನಲ್ಲಿ ಮೊದಲು ಕಟ್ಟಬೇಕು. ಜಾಲರಿಯನ್ನು ಅರ್ಧ ಸಣ್ಣ ಮಾಡಿದರೂ ಉತ್ತರ ಬದಲಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಮೂರು ಹರಿವುಗಳ ಅಳತೆ ನೋಡಿ ಹೊಂದಿಸಬೇಕು, ಹೊಂದಿಸುವಾಗ ಮುಟ್ಟದೇ ಇದ್ದ ನಾಲ್ಕನೆಯ ಹರಿವಿನಿಂದ ಪರೀಕ್ಷಿಸಬೇಕು. ಆಮೇಲೆ ಪೂರ್ಣ ಗಾತ್ರಕ್ಕೆ ಏರಿಸಬೇಕು. ಹೊಂದಿಸಲು ಬಳಸಿದ ಅಂಕಿಗಳನ್ನೇ ತೋರಿಸಿ "ನೋಡಿ, ಎಷ್ಟು ಚೆನ್ನಾಗಿ ಹೊಂದುತ್ತದೆ" ಎಂದು ಬರೆದ ವರದಿಗೆ ಬೆಲೆಯಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ ಅದು.

ಗಣಿತವೂ ಮಾದರಿಯೂ ಎರಡೂ ಸರಿಯಿದ್ದು ಅಣೆಕಟ್ಟಿನ ಬುಡ ಕೊಚ್ಚಿಹೋಗುವ ಒಂದು ಸಂದರ್ಭವಿದೆ, ಅದು ಕೆಳಗಿನ ನದಿಯ ಮಟ್ಟದ್ದು. ನಮ್ಮ ಗೇಟಿನ ನೀರು 40 ಮೀಟರ್ ಇಳಿದು, ಸೆಕೆಂಡಿಗೆ 26 ಮೀಟರ್ ವೇಗದಲ್ಲಿ ಬುಡ ಸೇರುತ್ತದೆ ಎಂದುಕೊಳ್ಳೋಣ. ಗೇಟಿನ ಅಗಲದಲ್ಲಿ ಹಂಚಿದರೆ ಆ ಪದರ 1.17 ಮೀಟರ್ ದಪ್ಪ, ಫ್ರೌಡ್ ಸಂಖ್ಯೆ 7.7. ಜಿಗಿತದ ಸೂತ್ರದ ಪ್ರಕಾರ ಅದು ಅಲ್ಲೇ ಉಬ್ಬಿ ನಿಲ್ಲಬೇಕಾದರೆ ರಭಸ ಕೊಲ್ಲಲೆಂದು ಬುಡದಲ್ಲಿ ಕಟ್ಟಿದ ತೊಟ್ಟಿಯಲ್ಲಿ ಸುಮಾರು 12.1 ಮೀಟರ್ ನೀರು ಇರಬೇಕು. ಈ ನೀರನ್ನು ಕೊಡುವುದು ಕೆಳಗಿನ ನದಿ. ಪ್ರವಾಹದಲ್ಲಿ ಅದು ಎಷ್ಟು ಏರುತ್ತದೆ ಎಂಬ ಪಟ್ಟಿ ಸರ್ವೆಯವರಿಂದ ಬರುತ್ತದೆ. ಪ್ರಯೋಗಾಲಯದಲ್ಲಿ ಆ ಪಟ್ಟಿ ನೋಡಿ ಕಾಲುವೆಯ ಕೊನೆಯ ಹಲಗೆಯನ್ನು ಎತ್ತಿ ಇಳಿಸಿ ಮಟ್ಟ ಕೂರಿಸುತ್ತಾರೆ. ಪಟ್ಟಿ ಹಳೆಯದಾಗಿದ್ದರೆ, ಅಥವಾ ಆಮೇಲೆ ಮರಳು ತೆಗೆದು ಪಾತ್ರ ತಗ್ಗಿದ್ದರೆ, ನಿಜ ನದಿ ಅಷ್ಟು ಏರುವುದಿಲ್ಲ.

ಆದ್ದರಿಂದ ಪಟ್ಟಿಯ ಮಟ್ಟದಲ್ಲಿ ಜಿಗಿತ ನಿಂತಿತು ಎಂದು ತೃಪ್ತಿಪಡದೆ, ಹಲಗೆಯನ್ನು ಅರ್ಧರ್ಧ ಸೆಂಟಿಮೀಟರ್ ತಗ್ಗಿಸುತ್ತಾ ಹೋಗಬೇಕು. ಒಂದೊಂದು ಇಳಿತಕ್ಕೂ ನೀರು ನೆಲೆಗೊಳ್ಳಲು ಕೆಲವು ನಿಮಿಷ ಬಿಡಬೇಕು. ಮೊದಲು ನೊರೆಯ ಉರುಳೆ ಕೋಡಿಯ ಬುಡ ಬಿಟ್ಟು ಒಂದು ಗೇಣು ಮುಂದೆ ಸರಿಯುತ್ತದೆ. ಆಮೇಲೆ ತಡೆಗಲ್ಲುಗಳ ಮೇಲೆ ಹೋಗಿ ನಡುಗುತ್ತದೆ. ಇನ್ನೊಂದರ್ಧ ಸೆಂಟಿಮೀಟರ್ ತಗ್ಗಿಸಿದಾಗ ಉರುಳೆಯೇ ತೊಟ್ಟಿಯಿಂದ ಹೊರಬಿದ್ದು, ನೀರು ಗಾಜಿನ ಹಾಳೆಯಂತೆ ತೊಟ್ಟಿಯುದ್ದಕ್ಕೂ ಜಾರಿ ಮುಂದಿನ ಮರಳಿಗೆ ನೇರ ಬೀಳುತ್ತದೆ, ಕಣ್ಣೆದುರೇ ಗುಂಡಿ ತೆರೆದುಕೊಳ್ಳುತ್ತದೆ. ಪಟ್ಟಿಯ ಮಟ್ಟಕ್ಕೂ ಈ ಮಟ್ಟಕ್ಕೂ ನಡುವೆ ಎರಡು ಸೆಂಟಿಮೀಟರ್ ಇದ್ದರೆ ನಿಜ ನದಿ ಒಂದು ಮೀಟರ್ ತಗ್ಗುವವರೆಗೆ ತೊಟ್ಟಿ ತಡೆಯುತ್ತದೆ. ಅರ್ಧ ಸೆಂಟಿಮೀಟರ್ ಮಾತ್ರ ಇದ್ದರೆ ತೊಟ್ಟಿಯ ನೆಲವನ್ನು ಇನ್ನೂ ಆಳಕ್ಕೆ ಇಳಿಸಿ, ಹೊಸ ಪರ್ಸ್ಪೆಕ್ಸ್ ಕತ್ತರಿಸಿ, ಮೊದಲಿನಿಂದ ಮತ್ತೆ ನೀರು ಬಿಡಬೇಕು.